ಕೊಬ್ಬರಿ ಅಟ್ಟದ ಹೊಗೆ

ನಮ್ಮ ಮೊಮ್ಮಗಳು ಮನೆಗೆ ಬಂದಳು. ಬಂದವಳು ಇಲ್ಲೇ ಉಳಿದಳು. ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮಿಕ್ಕಿದ್ದು ಬರೆಯೋಕೆ ನನ್ನ ಕೈ ಓಡೋದಿಲ್ಲ. ಈಗ ನಡುಮನೆಯ ತೊಟ್ಟಿಲಲ್ಲಿ ಒಂದು ಕಾಲು ಹೊರಗೆ ಹಾಕಿ ಮಲಗಿದ್ದಾಳೆ. ನಾನು ಎರಡು ಸಾಲು ಬರೆಯೋದು, ಎದ್ದು ಹೋಗಿ ಅವಳ ಎದೆ ಏರಿ ಇಳಿಯೋದನ್ನ ನೋಡೋದು, ಮತ್ತೆ ಬಂದು ಕೂರೋದು. ಸೊಸೆ ನೋಡಿ ನಗುತ್ತಾಳೆ. ನಗಲಿ. ನನಗೂ ನಗುವೇ ಬರುತ್ತಿದೆ, ಸುಮ್ಮಸುಮ್ಮನೆ, ಅಕ್ಕಿ ಆರಿಸುವಾಗ, ಕಸ ಗುಡಿಸುವಾಗ.

ಎದೆ ಯಾಕೆ ನೋಡುತ್ತೀನಿ ಅಂದರೆ, ಆ ಕೂಸಿನ ಉಸಿರು ನಮ್ಮನ್ನ ಬಹಳ ಹೆದರಿಸಿಬಿಟ್ಟಿತ್ತು. ಹುಟ್ಟಿದ್ದು ಚಿಕ್ಕಜಾಜೂರಿನಲ್ಲಿ, ಸೊಸೆಯ ತವರಲ್ಲಿ. ಅವಳಪ್ಪ ರೈಲ್ವೆಯವರು. ಕ್ವಾರ್ಟರ್ಸ್ ಮನೆ, ಗ್ಯಾಸಿನ ಅಡುಗೆ, ಗೋಡೆ ಎಲ್ಲ ಬೆಳ್ಳಗೆ. ಐದನೇ ತಿಂಗಳಲ್ಲಿ ಶಾಸ್ತ್ರ ಮುಗಿಸಿ ಬಾಣಂತಿ, ಕೂಸು ಇಬ್ಬರನ್ನೂ ಹಿರಿಯೂರು ಕಡೆಯ ನಮ್ಮ ಹಳ್ಳಿಗೆ ಕರಕೊಂಡು ಬಂದೆವು. ವಾರ ಆಗಿರಲಿಲ್ಲ, ಕೂಸಿಗೆ ಕೆಮ್ಮು ಹತ್ತಿತು. ಪಕ್ಕೆ ಒಳಕ್ಕೆ ಎಳೆಯೋದು, ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಸದ್ದು. ದುರ್ಗದ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿನ ಡಾಕ್ಟರಮ್ಮ ಕೂಸಿನ ತಲೆಯ ಟೋಪಿ ತೆಗೆದು ತಮ್ಮ ಮೂಗಿನ ಹತ್ತಿರ ಹಿಡಿದು ನೋಡಿದರು.

"ಮನೇಲಿ ಸೌದೆ ಒಲೆನಾ?" ಅಂದರು.

ಹೌದು ಅಂದೆ. ಮನೆಯೊಳಗಿನ ಹೊಗೆ ನಿಲ್ಲುವ ತನಕ ಮಗುವನ್ನ ಅಲ್ಲಿ ಇಡಬೇಡಿ ಅಂದರು. ಬೀಗಿತಿ, ಅಂದರೆ ಸೊಸೆಯ ತಾಯಿ, ಸುದ್ದಿ ತಿಳಿದು ಅಲ್ಲಿಗೇ ಬಂದಿದ್ದರು, ಆಸ್ಪತ್ರೆಯಿಂದಲೇ ಮಗಳನ್ನೂ ಮೊಮ್ಮಗಳನ್ನೂ ತಮ್ಮ ಊರಿಗೆ ಕರಕೊಂಡು ಹೊರಟರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಅಕ್ಕಾರೆ, ಬೇಜಾರು ಮಾಡ್ಕಬ್ಯಾಡ್ರಿ. ಆ ಹೊಗೆ ಮನೆಗೆ ಮಾತ್ರ ನಾನು ಕೂಸು ಕಳ್ಸಲ್ಲ" ಅಂದರು. ನನಗೆ ಬೇಜಾರಾಗಲಿಲ್ಲ, ಭಯವಾಯಿತು. ಅವರ ಮಾತಲ್ಲಿ ತಪ್ಪು ಇರಲಿಲ್ಲವಲ್ಲ, ಅದಕ್ಕೆ.

ಗ್ಯಾಸು ನಮ್ಮಲ್ಲೂ ಇದೆ, ಹಾಲಿಗೆ, ಟೀಗೆ. ಆದರೆ ತೋಟದ ಆಳುಗಳಿಗೂ ಸೇರಿಸಿ ಮುದ್ದೆ ತೊಳಸಬೇಕು. ತೆಂಗಿನ ಮಟ್ಟೆ, ಗರಿ, ಚಿಪ್ಪು ಹಿತ್ತಲಲ್ಲಿ ರಾಶಿ ಬಿದ್ದಿರುತ್ತೆ. ಹಾಗಾಗಿ ಒಲೆ ಆರಿದ್ದೇ ಇಲ್ಲ. ಇನ್ನೊಂದು ವಿಚಾರ ಏನೆಂದರೆ, ನಮ್ಮದು ಕೊಬ್ಬರಿ ಮಾಡುವ ಮನೆ. ಅಡುಗೆಮನೆ ಮೇಲೆ ಬಿದಿರು ಗಳುಗಳನ್ನ ಜೋಡಿಸಿದ ಅಟ್ಟ. ಅದು ಅಲ್ಲಿಗೇ ನಿಲ್ಲದೆ ನಡುಮನೆಯ ಮೇಲೂ ಚಾಚಿಕೊಂಡಿದೆ. ಸಿಪ್ಪೆ ಸುಲಿಯದ ಕಾಯಿಗಳನ್ನ ಅಲ್ಲಿ ಒಟ್ಟಿ ವರ್ಷದ ಹತ್ತಿರ ಬಿಡುತ್ತೇವೆ. ಒಲೆಯ ಹೊಗೆ ಕೆಳಗಿಂದ ಏರಿ ಕಾಯಿಗಳ ಸಂದಿಯಲ್ಲಿ ಆಡಿದರೆ ಹುಳ, ಬೂಷ್ಟು ಹತ್ತಿರ ಸುಳಿಯೋದಿಲ್ಲ. ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಾಗ, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ನಮ್ಮ ಮನೆಯವರು ಸಂಜೆ ಏಣಿ ಹತ್ತಿ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತ ಕೂತರೆ ಊಟಕ್ಕೆ ಕರೆದರೂ ಇಳಿಯುತ್ತಿರಲಿಲ್ಲ. "ನನ್ನ ಮಾತಿಗೆ ಯಾವತ್ತಾದ್ರೂ ಹಂಗೆ ಕಿವಿ ಕೊಟ್ಟಿದ್ರೆ" ಅಂತ ನಾನು ಕೆಳಗಿಂದ ಅನ್ನೋದು, "ನೀನು ಅಲ್ಲಾಡಿಸ್ದಿದ್ರೂ ಸದ್ದು ಮಾಡ್ತೀಯಲ್ಲೇ" ಅಂತ ಅವರು ಮೇಲಿಂದ ಅನ್ನೋದು.

ಆಸ್ಪತ್ರೆಯಿಂದ ಬಂದವಳೇ ಹಳೇ ಒಲೆ ಒಡೆಸಿದೆ. ಅಡುಗೆಯನ್ನ ಹಿತ್ತಲಿಗೆ, ಮೂರು ಕಲ್ಲಿನ ಮೇಲಕ್ಕೆ ಸಾಗಿಸಿದೆ. ಬಿದಿರು ಕೋಲಿಗೆ ಪೊರಕೆ ಕಟ್ಟಿ ಸೂರಿನ ಇಲ್ಲಣ ಉದುರಿಸಿದರೆ ಕಪ್ಪು ಮಳೆ ಬಿದ್ದ ಹಾಗೆ ಬಿತ್ತು. ಗೋಡೆಗೆ ಸೋಪಿನ ನೀರು ಹಾಕಿ ಉಜ್ಜಿದೆ. ಸುಣ್ಣ ಹೊಡೆದರೆ ಒಂದು ದಿನ ಬೆಳ್ಳಗಿತ್ತು, ಆಮೇಲೆ ಒಳಗಿನ ಹೊಗೆಬಣ್ಣ ಟೀ ಚೆಲ್ಲಿದ ಹಾಗೆ ಸುಣ್ಣ ದಾಟಿ ಬಂತು. ಕೆರೆದು, ತೊಳೆದು, ಒಣಗಿಸಿ ಮತ್ತೆ ಹೊಡೆದೆ. ಕದ, ಕಿಟಕಿಗೆ ಸೀಗೆಪುಡಿ. ಕೌದಿಗಳೆಲ್ಲ ಒಗೆದು ಬಿಸಿಲಿಗೆ. ಮೂಲೆಮೂಲೆಗೆ ಬುಟ್ಟಿಯಲ್ಲಿ ಇದ್ದಿಲು ಇಟ್ಟೆ, ವಾಸನೆ ಕುಡಿಯುತ್ತೆ ಅಂತ. ಮಗ ಹಿರಿಯೂರಿನ ಕಾಯಿ ಮಂಡಿಯಲ್ಲಿ ಕೆಲಸ ಮಾಡುತ್ತಾನೆ, ಸಂಜೆ ಬಂದವನಿಗೆ ಅಂಗಿ ಬಿಚ್ಚೋಕೂ ಬಿಡದೆ, "ಮೂಸಿ ನೋಡಪ್ಪ, ಬರ್ತೈತಾ?" ಅಂತ ಕೇಳುತ್ತಿದ್ದೆ. ಅವನು ಗೋಡೆ ಮೂಸಿ, "ಇನ್ನೂ ಚೂರು ಐತೆ ಕಣವ್ವ" ಅನ್ನುತ್ತಿದ್ದ. ಸುಳ್ಳು ಹೇಳಬಾರದಿತ್ತಾ ಅಂತ ಅನಿಸುತ್ತಿತ್ತು.

ಆಮೇಲೆ ಹರಿಯಬ್ಬೆ ಕಡೆಯ ಗಾರೆ ಕೆಲಸದವರೊಬ್ಬರು ಬಂದು ಪೈಪಿನ ಒಲೆ ಕಟ್ಟಿಕೊಟ್ಟರು. ಹೊಗೆ ಒಲೆಯ ಹಿಂದಿನಿಂದ ಸಿಮೆಂಟ್ ಪೈಪಿಗೆ ಹೋಗಿ ಸೂರಿನ ಹೊರಗೆ ಬೀಳಬೇಕು. ಆ ದಿನ ನಾನು ಊರಲ್ಲಿರಲಿಲ್ಲ, ಹೊಸದುರ್ಗದಲ್ಲಿ ತಂಗಿ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಬಂದು ನೋಡಿದರೆ ಚೊಕ್ಕವಾದ ಒಲೆ, ಪೈಪು ನೆಟ್ಟಗೆ ಅಟ್ಟದ ಒಳಕ್ಕೆ ಹೋಗಿತ್ತು. ಅಲ್ಲಿಂದ ಸೂರು ದಾಟಿರುತ್ತೆ ಅಂದುಕೊಂಡೆ. ಹಸಿ ಆರಲಿ ಅಂತ ಹಚ್ಚಲಿಲ್ಲ. ಬೀಗಿತಿಗೆ ಫೋನು ಮಾಡಿ ಮನೆ ಸರಿಯಾಯ್ತು ಬರ್ರಿ ಅಂದೆ.

ಅವರು, "ಬರ್ತೀನಿ. ನಾನೇ ಕರ್ಕಂಡು ಬಂದು ನೋಡ್ತೀನಿ. ಹೊಗೆ ಕಂಡ್ರೆ ಅದೇ ಸಂಜೆ ಬಸ್ಸಿಗೆ ವಾಪಸ್ಸು. ಆಮ್ಯಾಕೆ ಕರೀಬ್ಯಾಡ್ರಿ" ಅಂದರು.

ಅವರು ಬರುವ ದಿನ ಬೆಳಗ್ಗೆ ಹೊಸ ಒಲೆ ಹಚ್ಚಿದೆ. ಅಡುಗೆಮನೆಯಲ್ಲಿ ಒಂದೆಳೆ ಹೊಗೆ ಇಲ್ಲ. ಕಣ್ಣು ಉರಿಯಲಿಲ್ಲ. ಮುದುಕಿ ಒಬ್ಬಳೇ ನಿಂತು ಕೈ ಮುಗಿದೆ. ತೊಟ್ಟಿಲಿಗೆ ಬಟ್ಟೆ ಹಾಸೋಣ ಅಂತ ನಡುಮನೆಗೆ ಬಂದೆ. ಬಿಸಿಲು ಕೋಲಿನಲ್ಲಿ ನೀಲಿ ನೀಲಿ ಏನೋ ಆಡುತ್ತಿತ್ತು. ತಲೆ ಎತ್ತಿದರೆ ಅಟ್ಟದ ಗಳುಗಳ ಸಂದಿಯಿಂದ ಹೊಗೆ ಇಳಿಯುತ್ತಿತ್ತು, ನೇರವಾಗಿ ತೊಟ್ಟಿಲಿನ ಮೇಲಕ್ಕೆ.

ಒಲೆಗೆ ಒಂದು ಚೊಂಬು ನೀರು ಸುರಿದೆ. ಹಿತ್ತಲಿಗೆ ಓಡಿದೆ. ಅಲ್ಲಿ ಕೊಟ್ಟಿಗೆಯ ಗೋಡೆಗೆ ಒಂದು ಉದ್ದ ಪೈಪಿನ ತುಂಡು ಒರಗಿಸಿಟ್ಟಿತ್ತು. ನಮ್ಮ ಮನೆಯವರು ಎಮ್ಮೆಗೆ ಮೇವು ಹಾಕುತ್ತಿದ್ದರು.

"ಇದು ಯಾಕ್ರೀ ಇಲ್ಲೈತೆ?"

"ಉಳೀತು ಅಂತ ಗಾರೆಯವ್ನು ಇಟ್ಟೋದ."

"ಸೂರಿನ ತನಕ ಅಳತೆ ಹಾಕಿ ತಂದಿದ್ದು. ಉಳಿಯಾದು ಹೆಂಗೆ?"

ಅವರು ಎಮ್ಮೆಯ ಕಡೆ ನೋಡಿದರು, ಅದು ಉತ್ತರ ಹೇಳುತ್ತೇನೋ ಅನ್ನುವ ಹಾಗೆ.

"ಪೈಪಿನ ಬಾಯಿ ಅಟ್ಟದಾಗೇ ಬಿಟ್ಟವ್ನೆ. ನಾನೇನು ಹೇಳಿಕೊಡ್ಲಿಲ್ಲ ಕಣೆ. ಕಾಯಿ ಮನೆ ಅಂದ್ಮ್ಯಾಲೆ ಹೊಗೆ ಅಟ್ಟಕ್ಕೆ ಬಿಡಾದು ತಾನೆ ಅಂದ. ನಾನೂ ಹೂಂ ಅಂದೆ. ಅಡುಗೆಮನೇಗೆ ಹೊಗೆ ಇಲ್ವಲ್ಲ, ಇನ್ನೇನು?"

"ತೊಟ್ಟಿಲು ಎಲ್ಲೈತೆ ಹೇಳ್ರಿ."

ಅವರು ಮೇವಿನ ಕಟ್ಟು ಕೆಳಗಿಟ್ಟರು. ನಡುಮನೆಗೆ ಬಂದು ಮೇಲೆ ನೋಡಿದರು, ಕೆಳಗೆ ತೊಟ್ಟಿಲು ನೋಡಿದರು. ಇಂಥದ್ದೊಂದು ಕೆಲಸ ನಮ್ಮ ಸೀಮೆಯಲ್ಲೇ ನಡೆಯೋಕೆ ಸಾಧ್ಯ, ಹೊಗೆ ಹೊರಗೆ ಹಾಕೋಕೆ ಪೈಪು ತಂದು, ಅದೇ ಹೊಗೆಯನ್ನ ಜೋಪಾನವಾಗಿ ಮನೆಯೊಳಗೇ ಇಟ್ಟುಕೊಳ್ಳೋದು.

ಅಷ್ಟರಲ್ಲಿ ಮಗನ ಫೋನು ಬಂತು. ಅವರನ್ನ ಕರೆತರೋಕೆ ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಬಸ್ಸು ದುರ್ಗ ಬಿಟ್ಟಿದೆಯಂತೆ.

"ನಾಳೆ ಬರಾಕೆ ಹೇಳಾಣ" ಅಂದರು ಇವರು.

"ಇವತ್ತು ಬ್ಯಾಡ ಅಂದ್ರೆ ಅವರು ಇನ್ಯಾವತ್ತೂ ಬರಲ್ಲ."

"ಕಾಯಿ ಇನ್ನೂ ಹದಕ್ಕೆ ಬಂದಿಲ್ಲ ಕಣೆ. ಈಗ ಇಳಿಸಿದ್ರೆ ಅರ್ಧಕ್ಕರ್ಧ ಕೆಟ್ಟೋಗ್ತವೆ."

ನಾನು ತೊಟ್ಟಿಲ ಬಟ್ಟೆಯನ್ನ ಹೊರಗೆ ಕೊಡವಿ ಮಡಚುತ್ತ ನಿಂತೆ. ಅವರು ಟವಲು ತಲೆಗೆ ಸುತ್ತಿಕೊಂಡು ಏಣಿ ತಂದು ಒರಗಿಸಿದರು. ಹತ್ತಿದವರು ಮೊದಲ ಕಾಯಿ ಕೈಗೆ ಸಿಕ್ಕಾಗ ಅಭ್ಯಾಸದಂತೆ ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಅದನ್ನ ನನ್ನ ಕೈಗೆ ಇಳಿಸಿದರು. ಆಮೇಲೆ ಯಾವುದನ್ನೂ ಅಲ್ಲಾಡಿಸಲಿಲ್ಲ.

ಅವರು ಇಳಿಸೋದು, ನಾನು ಮಂಕರಿಗೆ ತುಂಬಿ ಕೊಟ್ಟಿಗೆಗೆ ಸುರಿಯೋದು. ಕಾಯಿ ಕಾಯಿಗೂ ಹಳೇ ಹೊಗೆ ಕೂತಿತ್ತು, ನನ್ನ ಸೀರೆ, ಕೈ ಎಲ್ಲ ಅದೇ ನಾತ. ಮೇಲಿಂದ ಅವರು, "ಲೇ, ನಡುಮನೇಗೆ ಒಂಚೂರು ಲೋಬಾನ ಹಾಕೇ, ವಾಸನೆ ಹೋಗ್ತೈತೆ" ಅಂದರು.

"ಹೊಗೆ ಕಳೆಯಾಕೆ ಹೊಗೆ ಹಾಕ್ತಾರೇನ್ರೀ? ಮೊದ್ಲು ಹಂಚು ತೆಗೀರಿ."

ಹಂಚು ಸರಿಸಿದಾಗ ಅಟ್ಟದೊಳಕ್ಕೆ ಆಕಾಶ ಬಂತು. ಗಾಳಿಯೂ ಬಂತು. ಕೊಟ್ಟಿಗೆಯ ಪೈಪಿನ ತುಂಡಿಗೆ ಹಗ್ಗ ಕಟ್ಟಿ ಅವರು ಎಳೆದರು, ನಾನು ಏಣಿಯ ನಡುವೆ ನಿಂತು ಹೆಗಲು ಕೊಟ್ಟು ನೂಕಿದೆ. ಇಬ್ಬರಲ್ಲಿ ಯಾರು ಬಿದ್ದರೂ ಹೊಗೆಯ ಚಿಂತೆಯೇ ಇರುತ್ತಿರಲಿಲ್ಲ. ಪೈಪಿನ ಮೇಲೆ ಪೈಪು ಕೂರಿಸಿ ಸಂದಿಗೆ ಜೇಡಿಮಣ್ಣು ಮೆತ್ತುತ್ತಿದ್ದರು, ಆಗ ಮನೆ ಮುಂದೆ ಆಟೋ ನಿಂತಿತು.

ಬೀಗಿತಿ ಇಳಿದು ಮೇಲೆ ನೋಡಿದರು. ಹಂಚಿನ ನಡುವೆ ನಮ್ಮ ಮನೆಯವರ ತಲೆ, ಟವಲು, ಮಸಿ ಬಳಿದ ಮುಖ.

"ಬೀಗ್ರು ಏನು ಸೂರಿನ ಮ್ಯಾಲೆ ಅವ್ರೆ?"

"ನಿಮ್ಮ ಬಸ್ಸು ಬಂತಾ ಅಂತ ನೋಡ್ತಿದ್ದೆ" ಅಂದರು ಇವರು ಮೇಲಿಂದ.

ಯಾರೂ ನಗಲಿಲ್ಲ. ಸೊಸೆ ಕೂಸನ್ನ ಸೆರಗಿನಲ್ಲಿ ಸುತ್ತಿಕೊಂಡು ಅಂಗಳದಲ್ಲೇ ನಿಂತಳು. ನಾನು ಹತ್ತಿರ ಹೋಗಲಿಲ್ಲ, ಮೈಯೆಲ್ಲ ಹೊಗೆ ನಾತ. ಮೂರು ತಿಂಗಳು ನೋಡದ ಮುಖ, ಮಾರು ದೂರದಿಂದ ನೋಡಿದೆ. ಬೊಚ್ಚುಬಾಯಲ್ಲಿ ಒಂದು ಹಲ್ಲು ಮೂಡಿತ್ತು.

ಬೀಗಿತಿಗೆ ಆದದ್ದನ್ನೆಲ್ಲ ಇದ್ದ ಹಾಗೇ ಹೇಳಿದೆ, ಅಟ್ಟಕ್ಕೆ ಬಿಟ್ಟ ಪೈಪು, ತೊಟ್ಟಿಲ ಮೇಲೆ ಇಳಿದ ಹೊಗೆ, ಈಗ ಇಳಿಸಿದ ಕಾಯಿ. ಅವರು ಕೇಳಿ, ಕೈಚೀಲವನ್ನ ಬಾಗಿಲ ಹೊರಗೇ ಇಟ್ಟು, "ಒಲೆ ಹಚ್ರಿ" ಅಂದರು.

"ಹಸಿಮಣ್ಣು ಐತೆ ಇನ್ನೂ."

"ಹಚ್ರಿ ಅಕ್ಕಾರೆ. ನಾಳೆ ನಾಡಿದ್ದು ಇವಳು ಇಲ್ಲಿರಬೇಕಾದ್ರೆ ಹಚ್ಚಾಕಿಲ್ವಾ?"

ಒದ್ದೆ ಬೂದಿ ಬಳಿದು ಹಾಕಿ ಗರಿ, ಮಟ್ಟೆ ಒಟ್ಟಿ ಹಚ್ಚಿದೆ. ಮೊದಲು ಹೊಗೆ ಒಲೆಯ ಬಾಯಿಂದ ನನ್ನ ಮುಖಕ್ಕೇ ಬಂತು. ಊದುಕೊಳವೆ ಹಿಡಿದು ಊದಿದೆ. ಉರಿ ಎದ್ದಿತು. ಹೊಗೆ ಒಂದು ಸಲ ಹಿಂದೆ ಮುಂದೆ ಆಡಿ, ತಿರುಗಿ ಪೈಪಿನೊಳಗೆ ಹೋಯಿತು. ಬೀಗಿತಿ ನಡುಮನೆಯ ಬಾಗಿಲು, ಕಿಟಕಿ ಮುಚ್ಚಿಕೊಂಡು ತೊಟ್ಟಿಲ ಕೆಳಗೆ ಕೂತರು. ಹೊರಗಿಂದ ಮಗ ಕೂಗಿದ, "ಅವ್ವ, ಸೂರಿನ ಮ್ಯಾಲಿಂದ ಹೊಗೆ ಬರ್ತೈತೆ."

ನಡುಮನೆಯ ಬಾಗಿಲು ತೆರೆಯಿತು. ಬೀಗಿತಿ ಮಗಳಿಗೆ, "ತಾ ಇಲ್ಲಿ" ಅಂದು ಕೂಸನ್ನ ಒಳಗೆ ತೆಗೆದುಕೊಂಡರು. ತೊಡೆ ಮೇಲೆ ಬೋರಲು ಹಾಕಿ ಬೆನ್ನಿಗೆ ಕಿವಿ ಹಚ್ಚಿದರು. ನಾನು ಒಲೆಯ ಮುಂದಿಂದ ಅವರ ಮುಖ ಮಾತ್ರ ನೋಡುತ್ತಿದ್ದೆ. ಕೂಸು ಒಂದು ಸಲ ಕೆಮ್ಮಿತು. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಮ್ಮ ಮನೆಯವರು ಏಣಿಯ ಮೇಲೆ ಅರ್ಧ ಇಳಿದಿದ್ದವರು ಅಲ್ಲೇ ನಿಂತರು. ಇನ್ನೊಂದು ಕೆಮ್ಮು ಬರುತ್ತೆ ಅಂತ ಎಲ್ಲರೂ ಕಾದೆವು. ನೀರು ಕುದಿಯಿತು, ಹಿಟ್ಟು ಹಾಕಿದೆ, ಕೋಲು ಹಿಡಿದು ಮುದ್ದೆ ತೊಳಸಿದೆ, ಕಿವಿಯೆಲ್ಲ ನಡುಮನೆಯಲ್ಲೇ. ಕೆಮ್ಮು ಮತ್ತೆ ಬರಲಿಲ್ಲ. ಕೂಸು ಅಜ್ಜಿಯ ಬಳೆ ಹಿಡಿದು ಜಗ್ಗುತ್ತ ಏನೋ ಹೇಳುತ್ತಿತ್ತು.

ಹೊತ್ತು ಇಳಿಯುವ ತನಕ ಬೀಗಿತಿ ಅಲ್ಲಿಂದ ಏಳಲಿಲ್ಲ. ಆಗಾಗ ಬೆನ್ನಿಗೆ ಕಿವಿ ಹಚ್ಚೋದು, ಮೇಲೆ ಅಟ್ಟ ನೋಡೋದು. ಕೊನೆಗೆ ಮಗನನ್ನ ಕರೆದು, "ಅಳಿಯಂದ್ರೇ, ಹೊರಗಿನ ಚೀಲ ಒಳಗಿಡ್ರಿ. ಅದರಾಗೆ ಕೂಸಿನ ಬಟ್ಟೆ ಅವೆ, ಮಂಜು ಬಿದ್ದೀತು" ಅಂದರು. ನನ್ನ ಕಡೆ ತಿರುಗಿ, "ನೀವು ಹೋಗಿ ಮೈ ತೊಳ್ಕಳ್ರಿ ಅಕ್ಕಾರೆ. ಕೂಸು ಎತ್ಕಳಾದು ಬ್ಯಾಡ್ವಾ?"

ತಲೆಗೆ ಎರಡು ಸಲ ಸೀಗೆ ಹಾಕಿ ಮಿಂದೆ. ಒಗೆದ ಸೀರೆ ಉಟ್ಟು ಬಂದು ಕೈ ಚಾಚಿದೆ, ಬಂದಳು. ಹೊಸಬಳು ಅಂತ ಅಳಲಿಲ್ಲ. ಆ ಭಾರವನ್ನ ಹೇಗೆ ಬರೆಯಲಿ, ನನಗೆ ಬರೋದಿಲ್ಲ.

ಆ ಸಂಜೆ ನಡುಮನೆಯಲ್ಲೇ ಸಾಲಾಗಿ ಕೂತೆವು. ಹೊಸ ಒಲೆಯ ಮುದ್ದೆ, ಹುರುಳಿಕಾಳಿನ ಬಸ್ಸಾರು, ಈರುಳ್ಳಿ. ಬಡಿಸಲು ಎದ್ದ ಬೀಗಿತಿಯನ್ನ ಸೊಸೆ ಕೂರಿಸಿದಳು. ನಮ್ಮ ಮನೆಯವರ ಕೈಗೆ ಮಣ್ಣು, ಮಸಿ ಇನ್ನೂ ಅಂಟಿತ್ತು, ಉಗುರಿನ ಸಂದಿಯಲ್ಲಿ. ಬೀಗಿತಿ ಅದನ್ನ ನೋಡಿ, "ಬೀಗ್ರೆ, ಕಾಯಿ ಎಲ್ಲಾ ಕೆಟ್ಟೋಗ್ತವಾ?" ಅಂದರು.

"ಕೆಟ್ಟಿದ್ದು ಕೆಡ್ಲಿ, ಸಾರಿಗೆ ಹಾಕ್ಕಂಡು ಉಣ್ತೀವಿ. ಬಿಸಿಲಿಗೆ ಒಣಗಿಸಿ ನೋಡಾಣ" ಅಂದರು ಅವರು. ತುತ್ತು ನುಂಗಿ, "ಮುದ್ದೆ ಸ್ವಲ್ಪ ಗಟ್ಟಿ ಆಯ್ತು" ಅಂತಲೂ ಸೇರಿಸಿದರು.

"ಗಮನ ಬ್ಯಾರೆ ಕಡೆ ಇತ್ತು" ಅಂದೆ.

ಮಗ ಇನ್ನೊಂದು ಮುದ್ದೆ ಕೇಳಿದ. ಸೊಸೆ ಉಗುರುಬೆಚ್ಚಗಿನ ಸಾರಿನ ನೀರಲ್ಲಿ ಮುದ್ದೆಯ ಚೂರು ಕಿವುಚಿ ನನ್ನ ತೊಡೆಯ ಮೇಲಿದ್ದವಳ ಬಾಯಿಗೆ ಇಟ್ಟಳು. ಅವಳು ಮುಖ ಕಿವುಚಿ ಅರ್ಧ ಉಗಿದಳು, ಅರ್ಧ ನುಂಗಿದಳು, ಮತ್ತೆ ಬಾಯಿ ತೆರೆದಳು.