ಭೂಗೋಳದ ಅಕ್ಕೋರ ಕೋಕೋ

ಅವರ ಬಲಗೈಯ ತೋರುಬೆರಳು ಗೆಣ್ಣಿನಿಂದಾಚೆ ಎಡಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ್ದಂತೆ. ಕೇಳಿದವರಿಗೆ ಮಾತ್ರ, "ಭೂಮೀನ ಓರೆ ಐತಿ, ನನ್ನ ಬೆರಳಿಂದೇನು ಹೇಳ್ತೀರಿ" ಎನ್ನುತ್ತಿದ್ದರು. ಭೂಪಟದ ಮೇಲೆ ಆಫ್ರಿಕಾದ ಪಶ್ಚಿಮ ತೀರ ತೋರಿಸಹೋದರೆ ಆ ಬೆರಳು ಅಟ್ಲಾಂಟಿಕ್ ಸಮುದ್ರದಲ್ಲಿ ಮುಳುಗುತ್ತಿತ್ತು. ಶಾಲೆಯ ಮಕ್ಕಳು ಬೆರಳ ತುದಿಯನ್ನು ಬಿಟ್ಟು ಬುಡವನ್ನು ನೋಡಿ ದೇಶ ಗುರುತಿಸುವುದನ್ನು ಕಲಿತಿದ್ದರು.

ಧಾರವಾಡದ ನಮ್ಮ ಓಣಿಯಲ್ಲಿ ಅವರಿಗೆ ಭೂಗೋಳದ ಅಕ್ಕೋರು ಎಂದೇ ಹೆಸರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರು ಹೈಸ್ಕೂಲಿನ ಶಿಕ್ಷಕಿ ಕೆಲಸದಿಂದ ನಿವೃತ್ತರು, ನಾನು ಕೋರ್ಟಿನ ಶಿರಸ್ತೇದಾರಿಕೆಯಿಂದ. ನಡುವಿನ ಗೋಡೆಗೂ ಪಿಂಚಣಿ ಮಂಜೂರಾಗಬೇಕಿತ್ತು, ಸರಕಾರ ಮನಸ್ಸು ಮಾಡಲಿಲ್ಲ.

ಅವರು ಮದುವೆಯಾಗಿರಲಿಲ್ಲ. ಏಕೆಂದು ಕೇಳುವ ಧೈರ್ಯ ನನ್ನ ಹೆಂಡತಿಗೆ ಮಾತ್ರ ಇತ್ತು.

"ವರಗೋಳು ನೋಡಾಕ ಬರ್ತಿದ್ರು ವೈನಿ. ಎಲ್ಲಿಂದ ಬಂದ್ರಿ ಅಂತ ಕೇಳ್ತಿದ್ದೆ. ಒಬ್ರಿಗೂ ದಾರಿ ಸರಿಯಾಗಿ ಹೇಳಾಕ ಬರಲಿಲ್ಲ."

ಎಲ್ಲಿಂದ ಬಂತು ಎಂಬುದೇ ಅವರ ಬದುಕಿನ ಪ್ರಶ್ನೆ. ಚಹಾಪುಡಿ ಎಲ್ಲಿಂದ ಬಂತು, ತೊಗರಿಬೇಳೆ ಎಲ್ಲಿಂದ ಬಂತು. ನಮ್ಮೂರ ಫೇಡೆಯ ಹಿರಿಯರೂ ಉತ್ತರದಿಂದ ವಲಸೆ ಬಂದವರೇ ಎಂದು ಒಮ್ಮೆ ಹೇಳಿದ್ದಕ್ಕೆ, ಓಣಿಯ ಕೆಲವು ಗೌರವಾನ್ವಿತರು ಅವರ ಮನೆಯ ಚಹಾ ಬಿಟ್ಟರು.

ಆದರೆ ಅವರ ಪಟ್ಟದ ಪಾಠ ಚಾಕೊಲೇಟಿನದು. ವರ್ಷಕ್ಕೊಮ್ಮೆ ಪ್ರತಿ ವರ್ಗಕ್ಕೂ ಸ್ವಂತ ಖರ್ಚಿನಲ್ಲಿ ಚಾಕೊಲೇಟ್ ಒಯ್ದು ತುಣುಕು ಮಾಡುತ್ತಿದ್ದರು. ಮಕ್ಕಳ ಅಂಗೈಯಲ್ಲಿ ತುಣುಕು ಇಟ್ಟು, ಅದರ ಮೇಲೆ ಆ ಓರೆಬೆರಳು ಒತ್ತಿ ಹಿಡಿದು ಕೇಳುವರು: "ಎಲ್ಲಿಂದ ಬಂತು?" ಉತ್ತರ ಪೂರ್ತಿಯಾಗುವವರೆಗೆ ಬೆರಳು ಏಳುತ್ತಿರಲಿಲ್ಲ. ನಿವೃತ್ತಿಯ ನಂತರ ಈ ಕಾನೂನು ಓಣಿಗೂ ಜಾರಿಯಾಯಿತು. ನನ್ನ ಪಾಳಿ ಬಂದಾಗ ನಾನು, "ಅಂಗಡಿಯಿಂದ್ರಿ" ಎಂದೆ.

"ಅಂಗಡಿ ಅನ್ನೂದು ಗಿಡ ಅಲ್ರಿ ಶಿರಸ್ತೇದಾರ್ರ."

ಬೆರಳಿನ ಕೆಳಗೆ ಚಾಕೊಲೇಟ್ ಕರಗುತ್ತಿತ್ತು. ಮೈಯ ಬಿಸಿಗೇ ಕರಗುವುದು ಅದರ ಗುಣವಂತೆ. ಅಷ್ಟರಲ್ಲಿ ನಾನು ಕಲಿಯಬೇಕಾಯಿತು. ಚಾಕೊಲೇಟ್ ಕೋಕೋ ಬೀಜದ್ದು, ಕೋಕೋದ ಮೂಲ ತವರು ದಕ್ಷಿಣ ಅಮೆರಿಕದ ಮಳೆಕಾಡು. ಬೇರೆ ಮರದ ನೆರಳಿನಲ್ಲಿ ಬೆಳೆಯುವ ಗಿಡ. ಹಣ್ಣು ಬಿಡುವುದು ಹಲಸಿನಂತೆ ಕಾಂಡಕ್ಕೇ. ಮೆಕ್ಸಿಕೋದ ಹಳಬರು ಅದರ ಬೀಜ ಅರೆದು, ಸಕ್ಕರೆಯ ಸುದ್ದಿಯಿಲ್ಲದೆ, ಮೆಣಸಿನಕಾಯಿ ಹಾಕಿ ಕುಡಿಯುತ್ತಿದ್ದರು. ಸಂತೆಯಲ್ಲಿ ಬೀಜವೇ ಚಿಲ್ಲರೆ ಹಣ. "ನಿಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಆಕಡೇನ ತವರಮನಿ" ಎಂದು ನನ್ನ ಹೆಂಡತಿಯ ಕಡೆಗೊಂದು ಚಟಾಕಿ ಬೇರೆ. ಕೊನೆಗೆ ದನಿ ಇಳಿಸುವರು. ಈಗ ಹೆಚ್ಚಿನದು ಬೆಳೆಯುವುದು ಪಶ್ಚಿಮ ಆಫ್ರಿಕಾದಲ್ಲಿ, ಬೆಳೆಯುವವರಲ್ಲಿ ಎಷ್ಟೋ ಮಂದಿ ಚಾಕೊಲೇಟ್ ಬಾಯಿಗೆ ಹಾಕಿಯೇ ಇಲ್ಲ. "ಈಗ ತಿನ್ರಿ" ಎಂದು ಬೆರಳು ಎತ್ತುವರು. ಆಮೇಲೆ ಯಾರು ತಾನೇ ಲಗುಬಗೆಯಲ್ಲಿ ನುಂಗಿಯಾರು.

ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯಲ್ಲಿ ಹೊಟ್ಟೆ ತೆರೆದು, ನೋಡಿ, ಹಾಗೆಯೇ ಹೊಲಿದು ಕಳಿಸಿದರು. "ಗಡಿ ದಾಟಿ ಬಾಳ ಒಳಗ ಬಂದೈತ್ರಿ. ಭೂಪಟಾನ ಬದಲಾಗೈತಿ" ಎಂದರು ಅಕ್ಕೋರು, ನೆರೆರಾಜ್ಯದ ಸುದ್ದಿಯಂತೆ.

ಆ ಸಂಜೆ ಕೂತಿದ್ದಾಗ ಮತ್ತೊಂದು ಮಾತು ಹೇಳಿದರು. "ಇಷ್ಟ ವರ್ಷ ಕೋಕೋ ಕೋಕೋ ಅಂದೆ. ಒಂದ್ ಸಲಾನೂ ಆ ಹಣ್ಣು ಕಣ್ಣಿಲೆ ನೋಡಿಲ್ರಿ."

"ಹಂಗಾರ ನಿಮ್ಮದು ಬರೀ ಕೇಳಿಕೆ ಮಾತಿನ ಸಾಕ್ಷಿ" ಎಂದೆ. "ನಮ್ಮ ಕೋರ್ಟಿನ್ಯಾಗ ನಡಿಯೂದಿಲ್ಲ."

ನಗಿಸಲು ಹೇಳಿದ್ದೆ. ಅವರು ನಗಲಿಲ್ಲ. ಮರುದಿನ ನಾನು ಪುತ್ತೂರಿನ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ಹೆಂಡತಿಯ ಅಣ್ಣನಿಗೆ ಫೋನು ಮಾಡಿದೆ. ಬಸ್ಸಿನ ತಲೆಯ ಮೇಲೆ ಗೋಣಿಚೀಲದಲ್ಲಿ ಕೋಕೋ ಹಣ್ಣುಗಳು ಬಂದವು. ಹಳದಿ ಬಣ್ಣ, ಮೈತುಂಬ ಗೆರೆ.

ಅಕ್ಕೋರು ದಿಂಬಿಗೆ ಆತು ಕೂತು, ಒಂದನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸವರಿದರು. ನನ್ನ ಹೆಂಡತಿ ಈಳಿಗೆಯಲ್ಲಿ ಹೆಚ್ಚಿದಳು. ಒಳಗೆ ಬಿಳಿಯ ತಿರುಳಿನಲ್ಲಿ ಬೀಜಗಳು ಸಾಲಾಗಿ ಮಲಗಿದ್ದವು. ಒಂದನ್ನು ಚೀಪಿದರು, ಸೀತಾಫಲಕ್ಕೆ ಲಿಂಬೆಹಣ್ಣು ಹಿಂಡಿದ ರುಚಿ. ಬೀಜ ಕಚ್ಚಿದರೆ ಬೇವು. ಚಾಕೊಲೇಟಿನ ವಾಸನೆಯ ಸುಳಿವೂ ಇಲ್ಲ.

"ಮೊದಲ ಕೊಳೀಬೇಕ್ರಿ. ಬಾಳಿ ಎಲಿ ಮುಚ್ಚಿ ಕೊಳಸಬೇಕು. ಆಮ್ಯಾಲೆ ಒಣಗಿಸಿ ಹುರೀಬೇಕು. ನಾ ಇದರ ಚಾಕೊಲೇಟ್ ಮಾಡಿ ತಿಂದ ಹೋಗಾಕಿ."

"ಅಕ್ಕೋರ, ನಿಮಗ ಡಾಕ್ಟರು ಅನ್ನಾನ ಬ್ಯಾಡ ಅಂದಾರ. ಇದನ್ನ ಕೊಳಸಕೋತ ಕುಂದರ್ತೀರೇನು?"

"ಬ್ಯಾಡ ಅಂದದ್ದು ನನಗ ವೈನಿ. ಬೀಜಕ್ಕಲ್ಲ."

ಬಿದಿರ ಬುಟ್ಟಿಯಲ್ಲಿ ಬಾಳೆ ಎಲೆ ಹಾಸಿ ಬೀಜ ತುಂಬಿದರು. ತೋಟದಲ್ಲಿ ದೊಡ್ಡ ರಾಶಿಯಾದರೆ ತಾನೇ ಬಿಸಿಯೇರುತ್ತದಂತೆ. ನಮ್ಮದು ಬೊಗಸೆಯ ಲೆಕ್ಕ. ಹಳೆಯ ಸ್ವೆಟರು ಸುತ್ತಿದರು, ಬಿಸಿ ಸಾಲಲಿಲ್ಲ. ಮರುದಿನ ಹೋದರೆ, ನೋವಿಗೆಂದು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲು ಕೊಟ್ಟಿದ್ದ ರಬ್ಬರಿನ ಬಿಸಿನೀರ ಚೀಲ ಬುಟ್ಟಿಯ ಮೇಲಿತ್ತು. ಅಕ್ಕೋರು ಪಕ್ಕದಲ್ಲಿ ಮೊಣಕಾಲು ಮಡಚಿ, ತುಟಿ ಕಚ್ಚಿಕೊಂಡು ಮಲಗಿದ್ದರು.

"ಇದೇನ್ರಿ ಅಕ್ಕೋರ?"

"ನಾ ತಾಳತೇನ್ರಿ. ಅದು ತಾಳಂಗಿಲ್ಲ."

ಹೆಂಡತಿ ಹೋಗಿ ನಮ್ಮ ಮನೆಯ ಚೀಲವನ್ನೂ ತುಂಬಿ ತಂದಳು. ಅದನ್ನೂ ಬುಟ್ಟಿಗೇ ಇಡಿಸಿಕೊಂಡರು.

ಹುಳಿಹುಳಿ ವಾಸನೆ ಗೋಡೆ ದಾಟಿತು. ಅಕ್ಕೋರ ಮನೆಯಲ್ಲಿ ಕಳ್ಳಬಟ್ಟಿ ಸೆರೆ ಇಳಿಸುತ್ತಾರೆಂದು ಹಾಲಿನವನು ಓಣಿಗೆಲ್ಲ ಸಾರಿದ. ಕೇಳಿ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ಹಿಡಿದುಕೊಂಡದ್ದು ನಗುವಿಗೋ ನೋವಿಗೋ ತಿಳಿಯಲಿಲ್ಲ.

ವಾರದ ಮೇಲೆ ಬೀಜಗಳು ಕಂದುಬಣ್ಣಕ್ಕೆ ತಿರುಗಿದವು. ನಮ್ಮ ಮಾಳಿಗೆಯ ಮೇಲೆ ಹೆಂಡತಿಯ ಸಂಡಿಗೆಯ ಪಕ್ಕ ಹರವಿದೆ. ಮೆಟ್ಟಿಲು ಹತ್ತುವ ಶಕ್ತಿ ಅಕ್ಕೋರಿಗೆ ಉಳಿದಿರಲಿಲ್ಲ. ಸಂಜೆ ನಾನು ಒಂದು ಬೀಜ ಕೆಳಗೆ ಒಯ್ಯುವುದು, ಅವರು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತುವುದು. ಒಣಗಿದ ಬೀಜ ಟಕ್ಕೆಂದು ಮುರಿಯಬೇಕು. "ಇನ್ನಾ ಮಾತಾಡವಲ್ದು" ಎಂದು ಮರಳಿ ಕೊಡುವರು. ದಿನದಿನಕ್ಕೆ ಬೀಜವೂ ಒಣಗಿತು, ಅವರೂ. ಯಾರು ಮೊದಲೆಂದು ಮೇಲೇರುವಾಗ ಯೋಚಿಸುತ್ತಿದ್ದೆ, ಇಳಿಯುವಾಗ ಮುಖ ಸರಿಮಾಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಅವರ ಬೆರಳು ಒತ್ತಲಾರದೆ ಹೋಯಿತು. ಅವರ ಕಿವಿಯ ಬಳಿ ನಾನೇ ಒತ್ತಿದೆ. ಟಕ್ ಎಂದಿತು.

"ಆತು" ಎಂದರು, ಕಣ್ಣು ಮುಚ್ಚಿಕೊಂಡೇ. "ನಾಳೆ ಹುರೀರಿ. ಮೊದಲ ಸಕ್ರಿ ಹಾಕಬ್ಯಾಡ್ರಿ. ಕಹಿ ಇದ್ರ ಕಹಿ ಅಂತ ಹೇಳ್ರಿ. ನಾ ಸಾಯಾಕತ್ತೇನಂತ ಛಲೋ ಐತಿ ಅನಬ್ಯಾಡ್ರಿ."

ಬೆಳಗಾಗುವುದರೊಳಗೆ ಅವರು ಹೋಗಿದ್ದರು.

ಕ್ರಿಯಾಕರ್ಮಗಳನ್ನು ಅವರ ತಂಗಿಯ ಮಗ ಬಂದು ಮಾಡಿ, ಮನೆಗೆ ಬೀಗ ಹಾಕಿಕೊಂಡು ಹೋದ. ಬೀಜ ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ ಉಳಿಯಿತು. ಅದರ ಸುದ್ದಿ ಇಬ್ಬರೂ ಎತ್ತಲಿಲ್ಲ. ಮೊನ್ನೆ ಮಧ್ಯಾಹ್ನ ಹೆಂಡತಿ ತಾನಾಗಿ ಹಂಚು ಇಟ್ಟಳು. "ನಾಳೆ ಅಂದಿದ್ರು. ಎಷ್ಟ ನಾಳೆ ಆದ್ವು."

ಹುರಿಯುತ್ತಿದ್ದಂತೆ ಹುಳಿ ವಾಸನೆ ಸರಿದು, ಒಮ್ಮೆಗೇ ಚಾಕೊಲೇಟಿನ ವಾಸನೆ ಎದ್ದಿತು. ಅಡುಗೆಮನೆ ತುಂಬಿ ಪಡಸಾಲೆಗೆ ಬಂತು. ಹೆಂಡತಿ ಸೌಟು ಕೆಳಗಿಟ್ಟು, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಅದು ಅಕ್ಕೋರ ಕಡೆಯ ಗೋಡೆ. ಉಳಿದದ್ದನ್ನು ನಾನೇ ಹುರಿದೆ.

ಸಿಪ್ಪೆ ತೆಗೆದು ಕಲ್ಲಿನಲ್ಲಿ ಅರೆದೆವು. ಅಂಟಂಟಾಗಿ, ಕಪ್ಪಾಗಿ ಬಂತು. ಸಣ್ಣದೊಂದು ಉಂಡೆ ಅಂಗೈಯಲ್ಲಿ ಇಟ್ಟುಕೊಂಡು ಕೂತೆ. ಮೇಲೆ ಬೆರಳಿರಲಿಲ್ಲ.

"ತಿನ್ರಿ, ಯಾರು ಹಿಡಕೊಂಡಾರ?" ಎಂದಳು ಹೆಂಡತಿ.

ಪುತ್ತೂರಿನ ಗಿಡದಿಂದ ಬಂತು ಎಂದು ಶುರುಮಾಡಿದೆ. ಬಸ್ಸಿನ ಮೇಲೆ ಗೋಣಿಚೀಲದಲ್ಲಿ ಬಂತು. ಅಕ್ಕೋರ ಮಡಿಲಿಗೆ ಬಂತು. ಅವರ ಸ್ವೆಟರಿನೊಳಗೆ, ಅವರ ಹೊಟ್ಟೆಯ ಮೇಲಿರಬೇಕಾದ ಬಿಸಿನೀರ ಚೀಲದ ಕೆಳಗೆ ಇತ್ತು. ನಮ್ಮ ಮಾಳಿಗೆಗೆ ಹೋಯಿತು. ಅವರ ಕಿವಿಯ ಹತ್ತಿರ ಮುರಿಯಿತು. ಪೂರ್ತಿ ಉತ್ತರ ಒಪ್ಪಿಸಿ ಉಂಡೆಯನ್ನು ಬಾಯಿಗೆ ಹಾಕಿಕೊಂಡೆ. ಹೆಂಡತಿ ನನ್ನ ಮುಖ ನೋಡುತ್ತಿದ್ದಳು.

ಗೋಡೆಯ ಕಡೆ ತಿರುಗಿ, ಆಚೆಗೆ ಕೇಳುವಂತೆ ಹೇಳಿದೆ.

"ಕಹಿ ಐತ್ರಿ ಅಕ್ಕೋರ."