ಏಣಿಯ ಬುಡದಲ್ಲಿ ನಿಂತವರು

ರಸ್ತೆಯ ಸಿಗ್ನಲ್ ದೀಪಗಳನ್ನು ನೋಡಿಕೊಳ್ಳುವವರ ಪಾಡು ವಿಚಿತ್ರವಾದದ್ದು. ಕೆಂಪು ದೀಪ ಕೆಟ್ಟರೆ ಊರು ಬೈಯುತ್ತದೆ, ಸರಿಯಾಗಿ ಉರಿದರೂ ಬೈಯುತ್ತದೆ. ಇಂಥ ಕೆಲಸದಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿ, ಜೊತೆಗಾರರ ಬಾಯಲ್ಲಿ ‘ಏಣಿಯಣ್ಣ’ ಎನಿಸಿಕೊಂಡು ಈಗ ನಿವೃತ್ತರಾಗುತ್ತಿರುವ ಮಹನೀಯರು, ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕಿಂತ ಕೆಡದಂತೆ ಕಾಯುವುದೇ ದೊಡ್ಡದೆಂದು ನಂಬಿದವರು. ಗಾಜಿನ ಧೂಳು ಒರೆಸುವುದು, ಸಡಿಲವಾದ ತಂತಿಗಳನ್ನು ಬಿಗಿಯುವುದು, ಕಂಟ್ರೋಲ್ ಪೆಟ್ಟಿಗೆಯೊಳಗೆ ಸಂಸಾರ ಹೂಡಿದ ಹಲ್ಲಿಗಳನ್ನು ನಯವಾಗಿ ಒಕ್ಕಲೆಬ್ಬಿಸುವುದು, ಎಲ್ಲವೂ ಅವರಿಗೆ ಪ್ರಾರ್ಥನೆಯಷ್ಟೇ ನಿಷ್ಠೆಯ ಕೆಲಸ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಏಣಿ ಹಿಡಿದಾತ ಯಾರೋ ಕರೆದರೆಂದು ತಿರುಗಿದ ಗಳಿಗೆಯಲ್ಲೇ ಲಾರಿಯೊಂದು ಏಣಿಗೆ ತಗುಲಿ, ಮೇಲಿದ್ದವರ ಕಾಲು ಮುರಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಂದಿನಿಂದ ಅವರದೊಂದು ಕಟ್ಟಳೆ: ಕೆಳಗಿನವರು ಮರೆತು ಕರೆಂಟು ಹಾಕದಂತೆ, ಕಿತ್ತ ಫ್ಯೂಸು ಕಂಬ ಹತ್ತುವವನ ಜೇಬಿನಲ್ಲೇ ಇರಬೇಕು; ಏಣಿ ಹಿಡಿದವನು, ಮೇಲಿನವನು ನೆಲ ಮುಟ್ಟುವ ತನಕ ಯಾರಿಗೂ ಮುಖ ತಿರುಗಿಸಬಾರದು.

ಈ ಕಟ್ಟಳೆಯಿಂದ ಅವರ ಮದುವೆಯೇ ತಪ್ಪುವುದರಲ್ಲಿತ್ತು. ಹುಡುಗಿಯ ತಂದೆ ಶಾಲೆಯ ಮೇಷ್ಟ್ರು, ದೈವಭಕ್ತರು, ಮಾನಕ್ಕೆ ಅಂಜುವವರು. ಮಗಳನ್ನು ಕೊಡುವ ಮುನ್ನ ಹುಡುಗನನ್ನೊಮ್ಮೆ ಕೆಲಸದ ಜಾಗದಲ್ಲೇ ನೋಡೋಣವೆಂದು ಚೌಕಕ್ಕೆ ಹೋದರು. ವಾಹನ ತಡೆಯಲು ಇಟ್ಟ ಕಿತ್ತಳೆ ಬಣ್ಣದ ಶಂಕುಗಳ ನಡುವೆ ಏಣಿ ಹಿಡಿದು ನಿಂತಿದ್ದ ಯುವಕನಿಗೆ ತಮ್ಮ ಪರಿಚಯ ಹೇಳಿಕೊಂಡರು. ಉತ್ತರವಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಹೇಳಿದರು. ಕತ್ತು ಕೂಡ ಹೊರಳಲಿಲ್ಲ. ಮೇಷ್ಟ್ರು ಉರಿಮುಖ ಮಾಡಿಕೊಂಡು ಮನೆಗೆ ಬಂದು, “ಗೋಡೆಗೆ ನಮಸ್ಕಾರ ಹಾಕಿ ಬಂದ ಹಾಗಾಯ್ತು. ಈ ಸಂಬಂಧ ಬೇಡ” ಎಂದರು. ಆ ಹುಡುಗನನ್ನು ಮೆಚ್ಚಿದ್ದ ಮಗಳು ಊಟ ಬಿಟ್ಟಳು.

ಸಂಜೆ, ಕೈಯ ಮಸಿ ತೊಳೆದುಕೊಂಡು ಯುವಕ ತಾನೇ ಬಂದ.

“ಬೇಜಾರಾಗಿದ್ರೆ ಕ್ಷಮಿಸಿ, ಮೇಷ್ಟ್ರೇ. ಮೇಲಿರೋನು ಇಳಿಯೋವರೆಗೂ ನನ್ನ ಕಣ್ಣು ಅವನದು. ನಾಳೆ ನೀವು ಬಂದ್ರೂ ಹಾಗೇ ನಿಂತಿರ್ತೀನಿ.”

“ನಿನ್ನ ಮುಖ ನೋಡ್ಬೇಕಾದ್ರೆ ನಾನೇ ಏಣಿ ಹತ್ತಬೇಕೇನಪ್ಪಾ?”

“ಹತ್ತಿ. ಆಗ ನಿಮ್ಮನ್ನ ಬಿಟ್ಟು ಬೇರೆ ಏನೂ ನೋಡಲ್ಲ.”

ಮೇಷ್ಟ್ರು ನಗು ತಡೆಯಲು ಕನ್ನಡಕ ಒರೆಸಿಕೊಂಡರು. ಬಾಗಿಲ ಮರೆಯಿಂದ ಮಗಳು ಮೆಲ್ಲಗೆ, “ಅಪ್ಪಾ, ನನ್ನನ್ನ ಇಂಥವರ ಕೈಲಿ ಬಿಟ್ಟು ಹೋಗೋಕೆ ನಿಮಗೆ ಭಯ ಯಾಕೆ?” ಎಂದಳು. ಮೇಷ್ಟ್ರು ಆ ಸಂಜೆಯೇ ಸಂಬಂಧಕ್ಕೆ ಒಪ್ಪಿದರು.

ಆ ಮಗಳು ಹೋದ ವರ್ಷ ದೇವರ ಪಾದ ಸೇರಿದಳು. ಹೆತ್ತವರೆದುರು ಮಕ್ಕಳು ಹೋಗಬಾರದು. ಆದರೆ ಅವನ ಚಿತ್ತವನ್ನು ಬಲ್ಲವರಾರು? ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಏಣಿಯಣ್ಣನವರು ಹಾಸಿಗೆಯ ಪಕ್ಕ ಕದಲದೆ ಕುಳಿತಿದ್ದರು. ನೋಡಲು ಬಂದ ನೆಂಟರು, ಮಾತಾಡಿಸಿದರೂ ತಿರುಗುವುದಿಲ್ಲವೆಂದು ಗೊಣಗಿದರು. ಆಗ ಇಳಿವಯಸ್ಸಿನ ಮೇಷ್ಟ್ರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತು, ಬಂದವರೆಲ್ಲರಿಗೂ ಅಳಿಯನ ಪರವಾಗಿ ತಾವೇ ಕೈಮುಗಿದರು.

ಹೊಸಬರಿಗೆ ಕೆಲಸ ಕಲಿಸಲು ಇನ್ನು ಮುಂದೆಯೂ ಬರುವುದಾಗಿ ಏಣಿಯಣ್ಣನವರು ಒಪ್ಪಿರುವುದು ಎಲ್ಲರ ಪುಣ್ಯ. ಭಗವಂತ ಅವರಿಗೆ ನೂರು ತುಂಬಿಸಲಿ. ಮಗಳಿಗೆ ಸಿಗದ ಆಯುಷ್ಯವನ್ನೂ ಅಳಿಯನ ಲೆಕ್ಕಕ್ಕೇ ಸೇರಿಸಲಿ ಎಂಬುದು ಮುದಿ ಮಾವನ ದಿನದಿನದ ಪ್ರಾರ್ಥನೆ.