ಕೊಳದ ಪ್ರಾಣಿಗೆ ಸರ್ವಾನುಮತದ ಒಪ್ಪಿಗೆ

ನಮ್ಮ ಸೊಸೈಟಿಯ ಕೊಳದಲ್ಲಿ ಒಂದು ಭಯಂಕರ ಪ್ರಾಣಿಯಿತ್ತು. ಇದು ನನ್ನ ಮಾತಲ್ಲ, ಸಭೆಯ ಮಿನಿಟ್ಸ್‌ನಲ್ಲಿರುವ ಮಾತು. ಹಾಗಾಗಿ, ಇತ್ತು.

ಕೊಳವೆಂದ ಕೂಡಲೇ ತಾವರೆ, ಹಂಸ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ದೆಹಲಿಯ ದ್ವಾರಕಾದ ಹೌಸಿಂಗ್ ಸೊಸೈಟಿಯೊಂದರ ಹಿಂಗೋಡೆಯ ಪಕ್ಕ, ಮಳೆನೀರು ಇಂಗಲೆಂದು ತೋಡಿದ ಹಳ್ಳ ಅದು. ಪಾಚಿ, ಚಿಪ್ಸ್ ಪ್ಯಾಕೆಟ್ಟು, ಪೂಜೆಯ ಹೂವು (ನೀರು ಕಂಡಲ್ಲಿ ನಿರ್ಮಾಲ್ಯ ಎಸೆಯದಿದ್ದರೆ ನಮಗೆ ಸಮಾಧಾನವಿಲ್ಲ). ಆದರೂ ನನಗೆ ಅದು ಬೇಕಿತ್ತು. ನಮ್ಮದು ಗ್ರೌಂಡ್ ಫ್ಲೋರ್ ಮನೆ. ಮಳೆ ಬಂದರೆ ನೀರು ಒಂದೋ ಆ ಹಳ್ಳಕ್ಕೆ ಹೋಗಬೇಕು, ಇಲ್ಲವೇ ನಮ್ಮ ಹಾಲ್‌ಗೆ ಬರಬೇಕು.

ಒಂದು ಸಂಜೆ ವಾಕಿಂಗ್‌ನಲ್ಲಿ ಶ್ಯಾಮರಾಯರು ನನ್ನ ತೋಳು ಹಿಡಿದು ನಿಲ್ಲಿಸಿದರು. ರಾಯರು ಹಾಸನದ ಕಡೆಯವರು, ಐದನೇ ಮಹಡಿಯವರು. ಕೇಂದ್ರ ಸರ್ಕಾರದ ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾಗಿ, ಈಗ ನಮ್ಮ ಸೊಸೈಟಿ ಸಭೆಗಳ ಮಿನಿಟ್ಸ್ ಬರೆಯುತ್ತಾರೆ.

“ನೋಡಿದ್ರಾ?” ಎಂದರು.

ನಾನು ನೋಡಿದ್ದು ಇಷ್ಟು: ನೀರು ಅಲುಗಿತು. ಕಪ್ಪಗಿನದೇನೋ ಎದ್ದು ಮುಳುಗಿತು. ಆಮೆಯೋ, ಹಳೇ ಟೈರೋ.

“ಟೈರ್ ಇರಬಹುದು” ಎಂದು ರಾಯರೂ ಅಂದರು. ಅಂದರೆಂದು ನನ್ನ ನೆನಪು.

ಆಮೇಲೆ ಅವರು ಅದನ್ನು ಲಿಫ್ಟ್‌ನಲ್ಲಿ ಹೇಳಿದರು, ಹಾಲಿನ ಬೂತ್‌ನಲ್ಲಿ ಹೇಳಿದರು, ಹೇಳಿದಲ್ಲೆಲ್ಲ “ಬೇಕಾದ್ರೆ ಇವರನ್ನ ಕೇಳಿ” ಎಂದು ನನ್ನನ್ನು ಎಳೆದರು. ಲಿಫ್ಟ್‌ನಲ್ಲಿ ಅದಕ್ಕೆ ಬರೀ ಬೆನ್ನಿತ್ತು. ಬೂತ್‌ನಲ್ಲಿ ಬಾಲ ಬಂತು. ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಎರಡು ಹಳದಿ ಕಣ್ಣು. ಹೇಮಾವತಿಯ ಮಡುವಿನಲ್ಲಿ ಅವರಜ್ಜನ ದೋಣಿ ಮಗುಚಿದ ಜಂತುವಿಗೂ ಅಂಥದೇ ಕಣ್ಣಿತ್ತಂತೆ. ತಕ್ಷಣ ಒಬ್ಬರಿಗೆ ಯಮುನೆಯಲ್ಲಿ ಅಂಥದೇ ಜಂತು ಎಮ್ಮೆಯನ್ನು ಎಳೆದೊಯ್ದದ್ದು ನೆನಪಾಯಿತು, ಇನ್ನೊಬ್ಬರಿಗೆ ಫರೀದಾಬಾದಿನ ಕಾಲುವೆಯಲ್ಲಿ ಭಾವಮೈದುನ ಕಂಡದ್ದು. ಇಷ್ಟು ದೊಡ್ಡ ದೇಶದಲ್ಲಿ ಒಬ್ಬರಾದರೂ ಖಾಲಿ ನೀರು ನೋಡಿಲ್ಲವೇ?

ಸಿಟ್ಟು ಬರುವುದು ಇನ್ನೊಂದಕ್ಕೆ. ಈಗ ಕಣ್ಣು ಮುಚ್ಚಿದರೆ ನನಗೂ ಆ ಹಳದಿ ಕಣ್ಣುಗಳು ಕಾಣಿಸುತ್ತವೆ! ನಾನು ನೋಡಿದ್ದಲ್ಲ, ಫಾರ್ವರ್ಡ್ ಆಗಿ ಬಂದದ್ದು. ಆದರೂ ನನ್ನ ನೆನಪಿನ ಪಕ್ಕವೇ ಕೂತಿದೆ, ನನ್ನದಕ್ಕಿಂತ ಸ್ಪಷ್ಟವಾಗಿ. (ಅದು ಸಂಜೆಯೇ ಆಗಿತ್ತೆಂದೂ ಈಗ ನಾನು ಪ್ರಮಾಣ ಮಾಡಲಾರೆ.)

ಸೊಸೈಟಿಯ ಸೆಕ್ರೆಟರಿ ಖನ್ನಾಜೀಗೆ ಬಹಳ ದಿನದಿಂದ ಆ ಜಾಗದಲ್ಲಿ ಪಾರ್ಕಿಂಗ್ ಬೇಕಿತ್ತು. ಪ್ರಾಣಿ ಹೇಳಿ ಕಳಿಸಿದಂತೆ ಬಂತು. ಸಭೆಯಲ್ಲಿ ಗದ್ದಲವಾಯಿತು. ರಾಯರು ಬರೆದರು: ‘ಕೊಳದಲ್ಲಿ ಅಪಾಯಕಾರಿ ಪ್ರಾಣಿಯೊಂದು ಕಂಡುಬಂದಿರುವುದನ್ನು ಸಭೆಯು ಗಮನಿಸಿತು.’

ಮುಂದಿನ ಸಭೆಯ ಮೊದಲ ಐಟಂ, ಎಲ್ಲ ಸಭೆಗಳಲ್ಲಿರುವಂತೆ, ಹಿಂದಿನ ಮಿನಿಟ್ಸ್ ದೃಢೀಕರಣ. ಸಮೋಸಾ ತಣ್ಣಗಾಗುತ್ತಿತ್ತು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆನೇ? ಇಲ್ಲವೆಂದು ನನ್ನ ನೆನಪು. ನನ್ನ ನೆನಪಿನ ಯೋಗ್ಯತೆ ಏನೆಂದು ಆಗಲೇ ಹೇಳಿದ್ದೇನೆ.

ಎರಡನೆಯ ಐಟಂ, ಕೊಳ ಮುಚ್ಚುವುದು. ಆಗ ಎದ್ದು ನಿಂತೆ. ಅಲ್ಲಿ ಪ್ರಾಣಿಗೀಣಿ ಏನೂ ಇಲ್ಲ, ಮುಚ್ಚಿದರೆ ನೀರೆಲ್ಲ ನಮ್ಮ ಮನೆಗೆ ನುಗ್ಗುತ್ತದೆ ಎಂದೆ.

“ಅರೇ ಭಾಯಿಸಾಬ್, ಮಿನಿಟ್ಸ್ ತೋ ಕನ್ಫರ್ಮ್ ಹೋ ಗಯೇ” ಎಂದರು ಖನ್ನಾಜೀ, ಸಮೋಸಾ ಮುರಿಯುತ್ತ.

“ರಾಯರೇ, ಟೈರ್ ಇರಬಹುದು ಅಂತ ನೀವೇ ಅಂದಿರಲಿಲ್ವಾ?”

“ಅಂದಿರಬಹುದು ಕಣ್ರೀ. ರೆಕಾರ್ಡ್‌ನಲ್ಲಿ ಇಲ್ವಲ್ಲ!” ರಾಯರ ದನಿಯಲ್ಲಿ ನಿಜವಾದ ಕನಿಕರವಿತ್ತು. “ಕನ್ಫರ್ಮ್ ಆಗೋ ಮೊದಲೇ ನೀವು ತಿದ್ದುಪಡಿ ಕೊಡಬೇಕಿತ್ತು. ಈಗ ಪ್ರಾಣಿ ಇದೆ.”

ಪಂಪ್ ಹಚ್ಚಿ ನೀರು ಬಸಿದರು. ಚಪ್ಪಲಿ, ತೂತು ಬಕೆಟ್, ಗಣೇಶನ ಒಂದು ಕೈ ಸಿಕ್ಕಿದವು. ಪ್ರಾಣಿ ಸಿಗಲಿಲ್ಲ. ಆಮೆಯೂ ಇಲ್ಲ, ಟೈರೂ ಇಲ್ಲ. (ಹಾಗಾದರೆ ನಾನು ನೋಡಿದ್ದೇನು? ನನ್ನನ್ನು ಕೇಳಬೇಡಿ.)

“ಹೆದರಿ ಓಡಿಹೋಗಿದೆ” ಎಂದರು ರಾಯರು.

ನನ್ನ ಮಗಳು ಅದಿತಿ ಪಕ್ಕದಲ್ಲೇ ಇದ್ದಳು. “ಅಂಕಲ್, ಕೈಸೇ? ಮೆಟ್ರೋ ಹತ್ಕೊಂಡಾ?”

ಹಳ್ಳಕ್ಕೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಸಿಮೆಂಟ್ ಬಿತ್ತು, ಸಿಮೆಂಟ್ ಮೇಲೆ ಖನ್ನಾಜೀಯ ಕಾರು ಬಂದು ನಿಂತಿತು.

ಕಳೆದ ವಾರ ಮಳೆ ಬಂತು. ದೆಹಲಿಯ ಮಳೆ ಗೊತ್ತಲ್ಲ, ಬರುವುದಿಲ್ಲ, ಬಂದರೆ ಬಿಡುವುದಿಲ್ಲ. ಬೆಳಿಗ್ಗೆ ಕಾಫಿ ಹೊತ್ತಿಗೆ ನಮ್ಮ ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರು. ಸೋಫಾದ ಕಾಲು ನೆಂದವು, ನನ್ನ ಪುಸ್ತಕದ ಕೆಳಗಿನ ಸಾಲು ಪೂರ್ತಿ ಉಬ್ಬಿತು. ಹೆಂಡತಿ ಅಕ್ಕಿಡಬ್ಬ ಹಿಡಿದು ಮಂಚ ಹತ್ತಿ ಕೂತು, “ನಿಮ್ಮ ರಾಯರಿಗೆ ಫೋನ್ ಮಾಡ್ರೀ, ಈಗ ಬಂದು ಗಮನಿಸಲಿ!” ಎಂದಳು.

ಹೊರಗೆ ಮೊಣಕಾಲಿನವರೆಗೆ ನೀರು. ತಲೆಗೆ ಕಪ್ಪು ಪ್ಲಾಸ್ಟಿಕ್ ಶೀಟ್ ಹೊದ್ದು, ಬಗ್ಗಿ, ಎರಡೂ ಕೈಯಿಂದ ತಡಕಾಡುತ್ತ ಚರಂಡಿಯ ಬಾಯಿ ಹುಡುಕತೊಡಗಿದೆ. ಕಸ ಕಟ್ಟಿತ್ತು. ಕಿತ್ತೆ, ಬಗ್ಗಿದೆ, ಎದ್ದೆ, ಮತ್ತೆ ಬಗ್ಗಿದೆ.

ಒಳಗಿಂದ ಅದಿತಿ ಮೊಬೈಲ್ ಹಿಡಿದು ಕೂಗಿದಳು. “ಅಪ್ಪಾ, ಗ್ರೂಪ್ ದೇಖೋ!”

ಐದನೇ ಮಹಡಿಯ ಬಾಲ್ಕನಿಯಿಂದ ತೆಗೆದ ಒಂದು ಮಸುಕು ಫೋಟೋ. ಕಂದು ನೀರಿನ ನಡುವೆ ಹೊಳೆಯುವ ಕಪ್ಪು ಬೆನ್ನು. ಕೆಳಗೆ ರಾಯರ ಬರಹ: ‘ಮತ್ತೆ ಬಂದಿದೆ. ಮೊದಲಿಗಿಂತ ದೊಡ್ಡದು. ಮಕ್ಕಳನ್ನು ಹೊರಗೆ ಬಿಡಬೇಡಿ.’

ಮುಂದಿನ ಸಭೆಯಲ್ಲಿ ನನ್ನನ್ನೂ ದೃಢೀಕರಿಸುತ್ತಾರೆಯೇ?